ಜೀವ ಇರೋ ಸಾಮಾನು

ಗುಣವತಿ ಗಂಡನ ಹಣೆಗೆ ಗಂಧ ಹಚ್ಚುತ್ತಿದ್ದಾಗ ಅಂಗಳದಲ್ಲಿ ಬಿದಿರು ಸೀಳುವ ಸದ್ದು ನಿಂತುಹೋಯಿತು. ಚಟ್ಟ ಕಟ್ಟುತ್ತಿದ್ದವರು ಕತ್ತಿ ಕೆಳಗಿಟ್ಟು ಎದ್ದು ನಿಂತಿದ್ದರು. ಬಸದಿಯ ಹಿರಿಯ ವೃಷಭರಾಜಯ್ಯ ಬಂದಿದ್ದರು. ಅವರ ಹಿಂದೆ ಶಲ್ಯವನ್ನು ಮೂಗಿನ ತನಕ ಎಳೆದುಕೊಂಡು ನಿಂತವನು ಸತ್ತವನ ಅಣ್ಣ ಅಜಿತಪ್ರಸಾದ.

“ಬೆಳಿಗ್ಗೆ ಒಪ್ಪಿದ ಮಾತು ಹೇಳಿಬಿಡಮ್ಮ,” ಎಂದರು ವೃಷಭರಾಜಯ್ಯ. “ನನ್ನ ಗಂಡ ಹಡಗಿಗೆ ಕುರಿ ಮಾರಿದ್ದು ಪಾಪ, ಸಮಾಜ ಕ್ಷಮಿಸಬೇಕು ಅಂತ. ಎಲ್ಲರ ಎದುರು ಅಷ್ಟು ಹೇಳಿದ್ರೆ ನಾವೇ ಹೆಗಲು ಕೊಡ್ತೇವೆ. ಹೊತ್ತು ಮುಳುಗಿದ್ರೆ ಬೆಂಕಿ ಇಡ್ಲಿಕ್ಕಾಗೂದಿಲ್ಲ, ಗೊತ್ತುಂಟಲ್ಲ.”

ಗೊತ್ತಿತ್ತು. ಕತ್ತಲಲ್ಲಿ ಬೆಂಕಿ ಹಚ್ಚಿ ಹುಳಹುಪ್ಪಟೆ ಸುಡಬಾರದೆಂದು ಜೈನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಣವತಿ ಬೆಳಿಗ್ಗೆಯೇ ತಲೆಯಾಡಿಸಿಬಿಟ್ಟಿದ್ದಳು. ಎಷ್ಟೋ ವರ್ಷಗಳಿಂದ ಮಾನಂದವಾಡಿಯ ಜೈನರು ಯಾರೂ ಅವಳ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಊರು ಅವಳ ಗಂಡನನ್ನು ಕರೆಯುತ್ತಿದ್ದದ್ದೇ ಕುರಿ ಪದ್ಮಪ್ಪ ಎಂದು. ಕೊನೆಯ ಒಂದು ಸಲವಾದರೂ ಅವನು ನಮ್ಮವರ ಹೆಗಲ ಮೇಲೆ ಹೋಗಲಿ, ಅದಕ್ಕೆ ಏನು ಬೇಕಾದರೂ ಹೇಳಿಯೇನು ಎಂದುಕೊಂಡಿದ್ದಳು ಪಾಪ.

*

ಪದ್ಮಪ್ಪ ಮೆಣಸಿನ ಬಳ್ಳಿಯ ಮಧ್ಯೆ ಬೆಳೆದ ಮನುಷ್ಯ. ಕಬಿನಿಯಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗಿಳಿದವನಲ್ಲ. ಅಂಥವನಿಗೆ ನಲವತ್ತು ದಾಟಿದ ಮೇಲೆ ಹಡಗಿನ ಏಜಂಟನಾಗುವ ಯೋಗ ಬಂತು.

ದೊರೆಗಳ ತೋಟದ ಕಾಫಿಯೂ ಊರವರ ಮೆಣಸೂ ಎತ್ತಿನ ಗಾಡಿಯಲ್ಲಿ ಪೇರಿಯಾ ಘಾಟಿ ಇಳಿದು ತಲಶೇರಿಗೆ ಹೋಗಿ ಹಡಗು ಹತ್ತುತ್ತಿದ್ದ ಕಾಲ ಅದು. ಒಂದು ಹಡಗು ಕಂಪನಿಗೆ ಅಲ್ಲಿ ಏಜಂಟ್ ಬೇಕಾಗಿದ್ದಾನೆ ಎಂಬ ಸುದ್ದಿ ತಂದವನು ಅಜಿತಪ್ರಸಾದ.

“ನೀನು ಕಡಲು ನೋಡಿಕೋ, ನಾನು ಗುಡ್ಡ ನೋಡಿಕೊಳ್ತೇನೆ,” ಎಂದ ಅಣ್ಣ. “ನಿನ್ನ ಪಾಲಿನ ತೋಟದ ಚಿಂತೆ ಬಿಡು.”

“ಏಜಂಟ್ ಅಂದ್ರೆ ಏನು ಮಾಡ್ಬೇಕಣ್ಣ?”

“ಹಡಗು ಬಂದಾಗ ದೋಣಿ ಗೊತ್ತು ಮಾಡೂದು, ಸರಕು ಹತ್ತಿಸೂದು, ಇಳಿಸೂದು. ಮತ್ತೆ ಹಡಗಿನವರಿಗೆ ಅಕ್ಕಿ, ನೀರು. ಸ್ವಲ್ಪ ಜೀವ ಇರೋ ಸಾಮಾನು.”

ಪದ್ಮಪ್ಪನ ಮುಖ ಸಣ್ಣಗಾಯಿತು. “ಅಂದ್ರೆ ಗೆಡ್ಡೆ ಗೆಣಸಾ?”

“ಅಂಥದ್ದೇ,” ಎಂದು ಅಣ್ಣ ನಕ್ಕ. ಬಾಗಿಲ ಹಿಂದೆ ನಿಂತಿದ್ದ ಗುಣವತಿಗೂ ಅದು ಸರಿಯಾಗಿಯೇ ಕೇಳಿಸಿತು. ಮಣ್ಣಿನ ಕೆಳಗೆ ಬೆಳೆಯುವ ಒಂದೊಂದು ಗೆಡ್ಡೆಯಲ್ಲೂ ಲೆಕ್ಕವಿಲ್ಲದಷ್ಟು ಜೀವವಿದೆಯೆಂದು ನಂಬಿ ಈರುಳ್ಳಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದವರು ಅವರು. ಜೀವ ಇರೋ ಸಾಮಾನು ಎಂದರೆ ಅವರಿಗೆ ಬೇರೆ ಏನು ತಾನೇ ಹೊಳೆದೀತು?

ಗುಂಡಿಯ ಕೋಟು ಹೊಲಿಸಿಕೊಂಡು ಪದ್ಮಪ್ಪ ಘಾಟಿ ಇಳಿದ. ಮೊದಲ ಹಡಗು ಬಂದ ದಿನ ಈರುಳ್ಳಿ, ಆಲೂಗೆಡ್ಡೆ, ಸುವರ್ಣಗೆಡ್ಡೆಯ ಮೂಟೆಗಳನ್ನು ದೋಣಿಗೆ ಏರಿಸಿ, ಒಂದೊಂದು ಮೂಟೆಗೂ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಹಡಗಿನ ಕಪ್ತಾನ ಮೂಟೆ ಬಿಚ್ಚಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕುರಿ ಎಲ್ಲಿ, ಕೋಳಿ ಎಲ್ಲಿ ಎಂದು ಬೈದ.

ಆ ದಿನ ಕುರಿ ತಂದು ಹತ್ತಿಸಿದವನು ಗೋದಾಮಿನ ಗುಮಾಸ್ತ ಕುಂಞಿರಾಮನ್. ಮುಂದೆಯೂ ಅವನೇ ಹತ್ತಿಸಿದ. ಕುರಿಯ ಕೂಗು ಕೇಳಿದರೆ ಪದ್ಮಪ್ಪ ಗೋದಾಮಿನ ಒಳಕ್ಕೆ ಹೋಗಿ ಕೂತುಬಿಡುತ್ತಿದ್ದ. ಆದರೆ ಏಜಂಟನ ಹೆಸರು ಅವನದ್ದೇ ತಾನೇ? ಸುದ್ದಿ ಘಾಟಿ ಹತ್ತಿತು. ಬಸದಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತು, ಇವನು ನನ್ನ ತಮ್ಮನಲ್ಲ ಎಂದು ಕೈ ತೊಳೆದುಕೊಂಡವನು ಅಜಿತಪ್ರಸಾದ. ತೋಟ ಅಷ್ಟರಲ್ಲಿ ಅವನ ಕೈಯಲ್ಲಿತ್ತು. ಪದ್ಮಪ್ಪನಿಗೆ ಹಿಂದೆ ಬರಲು ನೆಲವಿರಲಿಲ್ಲ. ಕಾಯಿಲೆ ಬಿದ್ದ ಮೇಲೆ, ಗುಣವತಿ ಇದ್ದ ಊರಿನ ಅಂಚಿನ ಈ ಬಾಡಿಗೆ ಮನೆಗೆ ಬಂದ, ಅಷ್ಟೇ.

*

ಗುಣವತಿ ಕೈ ಒರೆಸಿಕೊಂಡು ಅಂಗಳಕ್ಕೆ ಬಂದಳು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಬೇಲಿಯ ಹತ್ತಿರ ಗಾಡಿ ನಿಂತಿತು. ಪದ್ಮಪ್ಪನ ಕಾಯಿಲೆ ಜೋರಾಗಿದೆಯೆಂದು ಕೇಳಿ ಹೊರಟುಬಂದಿದ್ದ ಕುಂಞಿರಾಮನ್ ಮೂವರು ದೋಣಿಯವರ ಜೊತೆ ಇಳಿದ. ಒಳಗೆ ಹೋಗಿ ನೋಡಿಬಂದು, ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತ. ಆಮೇಲೆ, ಜನ ಯಾಕೆ ಸುಮ್ಮನೆ ನಿಂತಿದ್ದಾರೆಂದು ವಿಚಾರಿಸಿ ತಿಳಿದುಕೊಂಡ.

“ಮಾಪ್ಪು ಕೇಳ್ಬೇಕಾ? ಅಮ್ಮ ಯಾಕೆ ಕ್ಷಮೆ ಕೇಳೂದು?” ಎಂದ. “ಕೇಳೂದಾದ್ರೆ ಇವರು ಕೇಳ್ಲಿ.” ಬೆರಳು ಅಜಿತಪ್ರಸಾದನ ಕಡೆಗಿತ್ತು.

“ನೀನು ಸುಮ್ಮನಿರು,” ಎಂದ ಅಜಿತಪ್ರಸಾದ.

“ಕಪ್ಪಲ್, ಹಡಗಿನ ಕಂಪನಿಯ ದೊರೆ ಮೊದಲು ಇವರನ್ನೇ ಕರೆದದ್ದು ಅಮ್ಮ. ದೊರೆಯ ಮಾತು ಇವರಿಗೆ ಬಿಡಿಸಿ ಹೇಳಿದವನು ನಾನು. ಕುರಿ, ಕೋಳಿ, ಉಪ್ಪುಮೀನು, ಎಲ್ಲ ಹೆಸರು ಹೇಳಿಯೇ ಹೇಳಿದೆ. ನನಗೆ ಆಗೂದಿಲ್ಲ, ನಮ್ಮಲ್ಲಿ ದೋಷ, ನನ್ನ ತಮ್ಮ ಬರ್ತಾನೆ ಅಂದ್ರು.”

ಅಂಥದ್ದೇ ಎಂದು ನಕ್ಕ ಬಾಯಿ ಗುಣವತಿಯ ಕಣ್ಣ ಮುಂದೆ ಬಂತು. ಬಾವನೂ ತಾವಿಬ್ಬರ ಹಾಗೆಯೇ ಮೋಸಹೋದವನು, ಮಾನಕ್ಕೆ ಅಂಜಿ ದೂರವಾದವನು ಎಂದು ಇಷ್ಟು ವರ್ಷ ನಂಬಿಕೊಂಡಿದ್ದಳು.

“ಇವರಿಗೆ ಗೊತ್ತಿತ್ತಾ?” ಒಳಗೆ ಮಲಗಿದ್ದವನ ಕಡೆ ನೋಡಿ ಕೇಳಿದಳು.

“ಆ ಮೊದಲ ಕಪ್ಪಲಿನ ದಿನವೇ ಹೇಳಿದ್ದೆ. ಊರಲ್ಲಿ ಹೇಳ್ಬೇಡ ಕುಂಞಿರಾಮ, ಅಣ್ಣನ ಹೆಸರು ಹೋಗ್ತದೆ ಅಂದ್ರು.”

ಅಣ್ಣನ ಹೆಸರು. ಬಸದಿಯ ಹೊರಗೆ ಬಿಸಿಲಲ್ಲಿ ನಿಂತು ಕೈಮುಗಿದು ಬರುತ್ತಿದ್ದ ಹೆಂಡತಿಗೂ ಹೇಳದೆ ಅದನ್ನು ಕಾಪಾಡಿದ್ದ ಪುಣ್ಯಾತ್ಮ. ಅವಳಿಗೆ ಸತ್ತವನ ಮೇಲೂ ಸಿಟ್ಟು ಬಂತು. ಇಬ್ಬರು ಅಣ್ಣತಮ್ಮಂದಿರ ನಡುವೆ ತಾನೊಬ್ಬಳೇ ದಡ್ಡಿಯಾದೆ ಅನ್ನಿಸಿತು.

“ಹೌದಾ ಬಾವ?”

ಅಜಿತಪ್ರಸಾದ ಆಕಾಶ ನೋಡಿದ. “ಹಳೇ ಮಾತು ಈಗ ಯಾಕೆ? ಹೊತ್ತು ಇಳೀತಾ ಉಂಟು.”

“ಅದು ಬೇರೆ ವಿಷಯ,” ಎಂದರು ವೃಷಭರಾಜಯ್ಯ. “ಕುರಿ ಹೋದದ್ದಂತೂ ಇವನ ಹೆಸರಲ್ಲಿ. ಮಾತು ಹೇಳ್ತೀಯೋ ಇಲ್ವೋ?”

“ಹೇಳೂದಿಲ್ಲ.”

ಯಾರೂ ಮುಂದೆ ಬರಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ಚಟ್ಟವನ್ನು ದೋಣಿಯವರು ಹಗ್ಗ ಬಿಗಿದು ಮುಗಿಸಿದರು. ಕುಂಞಿರಾಮನ್ ಮುಂದಿನ ಹೆಗಲಾದ. ಹೆಂಗಸರು ಸುಡುವ ಜಾಗಕ್ಕೆ ಹೋಗುವ ವಾಡಿಕೆಯಿಲ್ಲ. ಗುಣವತಿ ಬೆಂಕಿಯ ಮಡಕೆ ಎತ್ತಿಕೊಂಡು ನಡೆದಳು. ಅಣ್ಣ ಹಿಡಿಯಬೇಕಾಗಿದ್ದ ಮಡಕೆ ಅದು.

ಸುಡುವ ಜಾಗಕ್ಕೆ ಹೋಗುವ ಹೊಳೆಯ ದಾರಿ ಅಜಿತಪ್ರಸಾದನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಕೊಯ್ಲಿನ ಕಾಲ. ಅಂಗಳ ಸಾಲದೆ ದಾರಿಯ ಉದ್ದಕ್ಕೂ ಚಾಪೆ ಹಾಸಿ ಮೆಣಸು ಒಣಗಿಸಿದ್ದರು. ಹೊತ್ತವರು ನಿಂತರು.

“ಬಳಸಿ ಹೋಗುವಾ ಅಮ್ಮ?” ಎಂದ ಕುಂಞಿರಾಮನ್.

ಗುಣವತಿ ಇಳಿಯುತ್ತಿದ್ದ ಬಿಸಿಲನ್ನು ನೋಡಿದಳು. “ನೇರ ಹೋಗಿ.”

ಹಿಂದಿನಿಂದ ಯಾರೋ ಓಡಿಬಂದ ಸದ್ದಾಯಿತು. ಅಜಿತಪ್ರಸಾದ. ಅವನು ಚಟ್ಟವನ್ನು ದಾಟಿ ಮುಂದೆ ಹೋದ, ಪಂಚೆ ಮೇಲೆ ಕಟ್ಟಿ ಮೊಣಕಾಲೂರಿ ಕೂತ, ಎರಡೂ ತೋಳಿನಿಂದ ಮೆಣಸನ್ನು ಎದೆಯ ಕಡೆಗೆ ಬಾಚತೊಡಗಿದ. ಶಲ್ಯ ಜಾರಿ ಮಣ್ಣಿಗೆ ಬಿದ್ದಿತ್ತು. ತಮ್ಮನ ಚಟ್ಟ ಅವನ ಪಕ್ಕದಲ್ಲೇ ಹಾದುಹೋಯಿತು. ಅವನು ಮುಂದಿನ ಚಾಪೆಗೆ ಕೈಹಾಕಿದ್ದ.