ಒಂದು ಮಿಲಿಮೀಟರ್ ಸಡಿಲ

ಬಸ್ ನಿಲ್ದಾಣದ ಹೊಸ ಚಾವಣಿಯನ್ನು ಇನ್ನೂ ನಾಲ್ಕು ಆನಿಕೆ ಕಂಬಗಳು ಹೊತ್ತು ನಿಂತಿದ್ದವು. ಅವನ್ನು ತೆಗೆಯುವಾಗ ಚಾವಣಿಯ ನಕ್ಷೆ ಬರೆದವರು ಅದರ ಕೆಳಗೆ ನಿಂತಿರಬೇಕು. ವಾಸ್ತುಶಿಲ್ಪ ಕಾಲೇಜಿನ ಮೇಷ್ಟ್ರು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ ಅದು. ಅವರ ಪ್ರಕಾರ ಅದೊಂದು ಗೌರವ. ಇವತ್ತು ಆ ಗೌರವ ಪಡೆಯಬೇಕಾದ ವಿದ್ಯಾರ್ಥಿನಿಗೆ ಅದು ಬೇಡವಾಗಿತ್ತು.

ಗೆಳತಿಯರು ಅವಳನ್ನು ಅಳತೆಗೋಲು ಎಂದು ಕರೆಯುತ್ತಿದ್ದರು. ಎಲ್ಲವನ್ನೂ ಎರಡೆರಡು ಸಲ ಅಳೆಯುವ ಚಾಳಿ. ಕಂಪ್ಯೂಟರಿನಲ್ಲಿ ಅವಳು ಬರೆದಂತೆ ಯಂತ್ರ ಪ್ಲೈವುಡ್ ಹಲಗೆಗಳನ್ನು ಕತ್ತರಿಸಿತ್ತು. ಒಂದರ ಕಚ್ಚಿನಲ್ಲಿ ಇನ್ನೊಂದು ಬಿಗಿಯಾಗಿ ಕೂರಬೇಕು, ಮೊಳೆಯ ಹಂಗಿಲ್ಲ. ಮೊದಲ ಸಲ ಬಂದ ಹಲಗೆಗಳ ದಪ್ಪ ಸರಿಯಾಗಿ ಹದಿನೆಂಟು ಮಿಲಿಮೀಟರ್. ಎರಡನೇ ಸಲ ಬಂದವುಗಳ ಮೇಲೂ ಹದಿನೆಂಟು ಎಂದೇ ಮುದ್ರೆಯಿತ್ತು. ಅಳತೆಗೋಲು ಎನಿಸಿಕೊಂಡವಳು ಆ ಒಂದು ಸಲ ಅಳೆಯಲಿಲ್ಲ. ಇದ್ದದ್ದು ಹದಿನೇಳು. ಹದಿನೆಂಟಕ್ಕೆಂದು ಕೊರೆದ ಏಳು ಕಚ್ಚುಗಳು ಲೊಡಲೊಡ ಎಂದವು.

ಆಗಲೇ ಬಾಯಿಬಿಟ್ಟಿದ್ದರೆ ಮತ್ತೆ ಕತ್ತರಿಸಬಹುದಿತ್ತು. ಹಾಳಾದ ಮರ್ಯಾದೆ ಅಡ್ಡ ಬಂತು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಸಂದಿಗೆ ಮೆತ್ತಿ, ಉಪ್ಪುಕಾಗದ ಉಜ್ಜಿ, ಸುಮ್ಮನಾಗಿಬಿಟ್ಟಳು. ಆ ಮೆತ್ತಿದ್ದು ಭಾರ ಹೊರುವುದಿಲ್ಲವೆಂದು ಮೊದಲ ವರ್ಷದವರಿಗೂ ಗೊತ್ತು. ಬಿದ್ದರೆ ನನ್ನ ಮೇಲೆ ತಾನೇ ಎಂದು ಧೈರ್ಯ ತಂದುಕೊಂಡಿದ್ದಳು. ನಾಳೆಯಿಂದ ಅಲ್ಲಿ ಬಸ್ಸಿಗೆ ಕಾಯುವವರ ಯೋಚನೆಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಅವಳು ಚಾವಣಿಯ ಕೆಳಗೆ ನಿಂತ ಮೇಲೆ ಮೊದಲ ಕಂಬ ತೆಗೆದರು. ಮೇಲೆಲ್ಲೋ ಲಟಕ್ ಎಂದಿತು.

"ಹಲಗೆ ಕೂತ್ಕೊಳ್ತಿದೆ, ಅಷ್ಟೆ," ಎಂದರು ಮೇಷ್ಟ್ರು. ಸುತ್ತ ನೆರೆದಿದ್ದ ಬೀದಿಯವರು ಚಪ್ಪಾಳೆ ತಟ್ಟಿದರು.

ಎರಡನೆಯದನ್ನೂ ತೆಗೆದರು.

ಅಷ್ಟರಲ್ಲಿ, ಹೊಲಿಗೆ ಅರ್ಧಕ್ಕೆ ಬಿಟ್ಟು ನೋಡಲು ಬಂದಿದ್ದ ಅಮ್ಮ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಚಾವಣಿಯ ಕೆಳಗೆ ನುಗ್ಗಿ ಬಂದು ಅವಳ ಪಕ್ಕ ನಿಂತಳು.

"ನೀನೊಬ್ಳೇ ಯಾಕೆ? ನನ್ ಮಗಳು ಮಾಡಿದ್ದು, ನಾನೂ ನಿಲ್ತೀನಿ."

"ಅಮ್ಮ, ಆಚೆ ಹೋಗು."

"ಹೋಗೇ, ಜನ ಇದ್ದಾರೆ ಅಂತ ನಾಚ್ಕೆನಾ?" ಅಮ್ಮ ತಲೆಯೆತ್ತಿ, ಬಾಯಿತುಂಬ ನಗುತ್ತ ಹಲಗೆಗಳನ್ನು ನೋಡತೊಡಗಿದಳು.

ಮೇಷ್ಟ್ರು ಮೂರನೇ ಕಂಬಕ್ಕೆ ಕೈ ಹಾಕಿದರು. ತನಗಾಗಿ ಪಟ್ಟ ಭಯವನ್ನು ಬೆಳಗಿನಿಂದ ನುಂಗಿಕೊಂಡಿದ್ದಳು. ಅಮ್ಮನಿಗಾಗಿ ಹುಟ್ಟಿದ್ದನ್ನು ನುಂಗಲಾಗಲಿಲ್ಲ.

"ಮುಟ್ಬೇಡಿ ಸರ್. ಏಳು ಕಚ್ಚು ಸಡಿಲ ಇದಾವೆ. ನಾನೇ ಪುಡಿ ಮೆತ್ತಿ ಮುಚ್ಚಿಟ್ಟೆ."

ಮೇಷ್ಟ್ರು ಕಂಬವನ್ನು ಎರಡೂ ಕೈಯಿಂದ ಅವುಚಿ ಹಿಡಿದು, "ಇಬ್ರೂ ನಿಧಾನಕ್ಕೆ ಹೊರಗೆ ಬನ್ನಿ," ಎಂದರು.

ಅಮ್ಮ ಮಗಳ ರಟ್ಟೆ ಹಿಡಿದು ರಸ್ತೆಯ ಆಚೆ ಬದಿಯವರೆಗೂ ಎಳೆದುಕೊಂಡು ಹೋದಳು. ಬೈಯಲಿಲ್ಲ.

"ಗೊತ್ತಿದ್ದೂ ಅದರ ಕೆಳಗೆ ಹೋಗಿ ನಿಂತ್ಯಾ?"

"ಹೂಂ."

"ನಾನು ಬರದೇ ಇದ್ದಿದ್ರೆ ಹೇಳ್ತಿದ್ಯಾ?"

ಅವಳು ಚಾವಣಿಯ ಕಡೆ ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿದಳು.

"ಇಲ್ಲಮ್ಮ," ಎಂದಳು.