ಪರದೆಯ ಹಿಂದೆ ಅಪ್ಪ

ಅಪ್ಪ ಗೂಢಚಾರನಾಗಿ ನಟಿಸಿದ್ದ ಹಾಸ್ಯ ಸಿನಿಮಾ ಅವನು ತೀರಿಕೊಂಡ ಮೇಲೆ ಬಿಡುಗಡೆಯಾಯಿತು. ಡಬ್ಬಿಂಗ್‌ಗೆ ಅವನಿರಲಿಲ್ಲವಾದ್ದರಿಂದ ಮಾತೆಲ್ಲ ಬೇರೆ ಯಾರದೋ ದನಿಯಲ್ಲಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಡಿಕ್ಕಿ ಹೊಡೆದರೆ ಜನ ನಗುತ್ತಾರೆಂದು ಆ ನಿರ್ದೇಶಕನಿಗೆ ಯಾವ ಪುಣ್ಯಾತ್ಮ ಹೇಳಿದ್ದನೋ! ಥಿಯೇಟರಿನಲ್ಲಿ ಒಬ್ಬರೂ ಹಲ್ಲು ಬಿಡಲಿಲ್ಲ.

"ಸಾಕು ಅಮ್ಮ, ಎದ್ದು ಹೋಗೋಣ," ಅಂದೆ.

"ಸ್ವಲ್ಪ ತಡಿ."

ಶತ್ರುವಿನ ಕೋಣೆಯಲ್ಲಿ ಪರದೆಯ ಹಿಂದೆ ಅಡಗಿದ್ದ ಅಪ್ಪ ಜೋರಾಗಿ ಸೀನಿದ. ನಮ್ಮ ಅಡುಗೆಮನೆಯ ಪಾತ್ರೆಗಳನ್ನು ನಡುಗಿಸುತ್ತಿದ್ದ ಅದೇ ಸದ್ದು. ಶೂಟಿಂಗಿನಲ್ಲಿ ದಾಖಲಾದ ಅದೊಂದನ್ನು ಮಾತ್ರ ಹಾಗೇ ಬಿಟ್ಟಿದ್ದರು.

ಅಮ್ಮ ಮನೆಯಲ್ಲಿ ಗದರುತ್ತಿದ್ದ ಹಾಗೆಯೇ ಗದರಿದಳು: "ಬಾಯಿಗೆ ಕೈ ಅಡ್ಡ ಹಿಡೀರಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

ಇಡೀ ಸಿನಿಮಾದಲ್ಲಿ ಜನ ನಕ್ಕಿದ್ದು ಆಗ ಮಾತ್ರ.