ಹಳೆಯ ಚರ್ಮದ ಮೇಲಿನ ಕೈ

ಡೋಲಿನ ಚರ್ಮದ ಅಂಚಿನಲ್ಲಿ ಜಿಡ್ಡಿನ ಹೊಳಪು, ಬಲಗಡೆ ಅಲ್ಲ ಎಡಗಡೆ, ಅಂಗೈಯಷ್ಟು ಅಗಲ — ಇದನ್ನು ಬಾರಿಸುವುದು ಯಂತ್ರವಂತೆ, ಯಂತ್ರಕ್ಕೆ ಅಂಗೈ ಎಲ್ಲಿಂದ ಬಂತು, ಅದಕ್ಕಿರುವುದು ಎರಡು ಕಬ್ಬಿಣದ ತೋಳು, ತುದಿಗೊಂದೊಂದು ರಬ್ಬರ್ ಉಂಡೆ, ಉಂಡೆ ಬೀಳುವುದು ಡೋಲಿನ ನಟ್ಟನಡುವೆ, ಅಲ್ಲಿ ಸವೆದಿದೆ, ಸವೆಯಲಿ, ಅಂಚು ಯಾಕೆ ಸವೆಯಬೇಕು? ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿದಾಗಿನಿಂದ ಡೋಲಿಗೆ ಚರ್ಮ ಕಟ್ಟುತ್ತಿದ್ದೇನೆ, ಬಾರಿಸಿದ್ದು ಯಾರೆಂದು ಚರ್ಮ ನೋಡಿಯೇ ಹೇಳುತ್ತೇನೆ, ನನ್ನ ಕಿವಿಗೆ ಹೂ ಇಡುವುದು ಬೇಡ. ಹತ್ತಕ್ಕೆ ಪ್ರದರ್ಶನ ನೋಡೋಕೆ ಜನ ಬರ್ತಾರೆ, ಬೇಗ ಬದಲಾಯ್ಸಿಬಿಡಿ ಎಂದು ಮೇಡಂ ವೈರುಗಳ ನಡುವೆ ಕೂತಿದ್ದಾಳೆ, ಯಂತ್ರ ಮಾಡಿದವಳು ಅವಳೇ, ಕಲಾವಿದೆ, ಗೋಡೆಯ ಮೇಲೆ ಬರೆಸಿದ್ದಾಳೆ, ನೀವು ತಟ್ಟಿ, ಇದು ಕೇಳಿಸಿಕೊಂಡು ಉತ್ತರ ಕೊಡುತ್ತದೆ. ಕೇಳಿಸಿಕೊಳ್ಳುತ್ತದಂತೆ, ಕಬ್ಬಿಣ. ಎಲ್ಲೋ ಒಬ್ಬನನ್ನು ಅಡಗಿಸಿಟ್ಟು ಅವನ ಕೈಲಿ ಹೊಡೆಸುತ್ತಾಳೆ, ಹೆಸರು ಮಾತ್ರ ಇವಳದು, ಬರಲಿ ಜನ, ಈ ಚರ್ಮ ಎತ್ತಿ ಹಿಡಿದು ಯಾರ ಕೈ ಇದು ಮೇಡಂ ಎಂದು ಕೇಳುತ್ತೇನೆ — ಮೂಗನ್ನು ಚರ್ಮದ ಹತ್ತಿರ ಒಯ್ದೆ. ಮುಲಾಮು. ಹಸಿರು ಡಬ್ಬಿಯ ನೋವಿನ ಮುಲಾಮು. ಇರಲಿ, ಊರಿಗೆಲ್ಲ ಮಣಿಕಟ್ಟು ನೋವು, ಯಾರು ಬೇಕಾದರೂ ಹಚ್ಚಿಕೊಳ್ಳಬಹುದು. ಆದರೆ ಎಡ ಅಂಗೈ ಒತ್ತಿ ನಾದ ಅದುಮುವಾಗ ಹೆಬ್ಬೆರಳನ್ನು ಅಂಚಿನಾಚೆ ಜೋತುಬಿಡುವವನು, ಹೆಬ್ಬೆರಳಿನ ಗುರುತೇ ಬೀಳಿಸದವನು, ನಾನು ಕಂಡಂತೆ ಒಬ್ಬನೇ — ಅವನೀಗ ಬಾಗಿಲ ಬಳಿ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಈ ಕಟ್ಟಡದ ವಾಚ್‌ಮನ್, ನನ್ನಪ್ಪ.

ಮೂರು ವರ್ಷದಿಂದ ಅಪ್ಪ ಮನೆಯಲ್ಲಿ ಡೋಲು ಮುಟ್ಟಿಲ್ಲ. ಕೈ ಹೋಯ್ತು ಕಣೋ, ಬಿಟ್ಬಿಡು ನನ್ನ ಎನ್ನುತ್ತಿದ್ದ. ಮುಲಾಮು ತರುವವನು ನಾನು, ತಿಕ್ಕುವವಳು ಅಮ್ಮ, ಪಾಪ ಅವರ ಕೈ ಎಂದು ಮರುಗುವವಳೂ ಅಮ್ಮ, ಒಂದೇ ಒಂದು ಸಲ ನನ್ನ ಜೊತೆ ಕೂತ್ಕೋ ಅಪ್ಪ ಎಂದು ಎಷ್ಟು ಸಲ ಗೋಗರೆದೆ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ, ಇಲ್ಲಿ ನೋಡಿದರೆ ಬೆಳಗ್ಗೆ ಆರಕ್ಕೆ ಬೀಗ ತೆಗೆದು — ಮೇಡಂ, ಇದನ್ನ ಕೈಯಲ್ಲಿ ಯಾರಾದ್ರೂ ಬಾರಿಸ್ತಾರಾ? ನಕ್ಕಳು, ಅದು ಕಳ್ಳನಗೆಯೂ ಅಲ್ಲ, ಅದಕ್ಕೇ ಮೈ ಉರಿಯಿತು. ನಿಮ್ಮ ತಂದೆ ಹೇಳಿಲ್ವಾ? ದಿನಾ ಒಂದು ಗಂಟೆ ಕೂರ್ತಾರೆ, ಇದು ಕಲಿತಿದ್ದೇ ಅವರ ಹತ್ರ. ಹಾಗಾದರೆ ಬಚ್ಚಿಟ್ಟವಳು ಇವಳಲ್ಲ. ಚರ್ಮ ಸವೆದಿದೆ, ಬಾ ಎಂದು ನನ್ನನ್ನು ಕರೆದದ್ದೂ ಅಪ್ಪನೇ, ನೋಡಿದರೆ ಮಗನಿಗೆ ತಿಳಿಯುತ್ತದೆಂದು ಗೊತ್ತಿದ್ದೇ ಕರೆದನಾ, ಇಲ್ಲ ಇವನಿಗೆ ಅಷ್ಟೂ ತಿಳಿಯದು ಎಂದುಕೊಂಡನಾ, ಯಾವುದು ಹೆಚ್ಚು ಅವಮಾನ? ಬಿಚ್ಚಿದೆ, ಹೊಸದು ಹೊದಿಸಿದೆ, ಬಾರು ಜಗ್ಗಿ ಜಗ್ಗಿ ಬೆರಳು ಕೆಂಪಗಾಯಿತು, ತಟ್ಟಿ ನೋಡಿ ಎಂದಳು, ತಟ್ಟಿದೆ, ತಟ್ಟಿದ್ದೇನು ಬಡಿದೆ, ಮೂರು ವರ್ಷದ್ದನ್ನೆಲ್ಲ ಸೇರಿಸಿ ಬಡಿದೆ, ಒಡೆದರೆ ಒಡೆಯಲಿ, ಅಪ್ಪ ಅನ್ನುತ್ತಿದ್ದದ್ದು ಇದನ್ನೇ, ನೀನು ನಿಲ್ಲೋದೇ ಇಲ್ವಲ್ಲೋ, ಎದುರಿಗೆ ಕೂತವನಿಗೂ ಜಾಗ ಬಿಡು — ನಿಲ್ಲಿಸಿದಾಗ ತೋಳುಗಳು ಎದ್ದವು, ನನ್ನ ಬಡಿತವನ್ನೇ ತೆಗೆದುಕೊಂಡು, ಸಿಟ್ಟನ್ನಷ್ಟೇ ಸೋಸಿ ತೆಗೆದು, ಅಪ್ಪನ ನಡೆಯಲ್ಲಿ, ಅಪ್ಪನ ತೂಕದಲ್ಲಿ ಹಿಂದಕ್ಕೆ ಕೊಟ್ಟವು, ಕೊನೆಯ ಪೆಟ್ಟು ಹಾಕದೆ ಒಂದು ತೋಳು ಗಾಳಿಯಲ್ಲೇ ನಿಂತಿತು. ಕೆಟ್ಟಿತಾ ಎಂದೆ. ಇಲ್ಲ, ಕಾಯ್ತಿದೆ, ನಿಮ್ಮ ಸರದಿ ಎಂದಳು. ಬಾಗಿಲ ಬಳಿ ಕುರ್ಚಿ ಸರಿದ ಸದ್ದು, ಅಪ್ಪ ಎದ್ದಿರಬೇಕು, ನಾನು ತಿರುಗುವುದಿಲ್ಲ, ಬಾರಿಸುವುದೂ ಇಲ್ಲ, ಎಷ್ಟು ಹೊತ್ತು ಕಾಯುತ್ತದೋ ಕಾಯಲಿ — ತೋಳು ಮೇಲೆ, ರಬ್ಬರ್ ಉಂಡೆ ಸಣ್ಣಗೆ ನಡುಗುತ್ತ, ಇಳಿಯದೆ, ಮೇಲೆ —